ಹಾಸು ಚೀನಾದ್ದು, ಹೊಕ್ಕು ಶಿಡ್ಲಘಟ್ಟದ್ದು: ಸುಂಕ ಬೀಳುವುದು ಯಾರ ಮೇಲೆ?

ಬೆಂಗಳೂರಿನ ಕಬ್ಬನ್‌ಪೇಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ಪವರ್‌ಲೂಮಿನಲ್ಲಿ ನೇಯ್ದ ರೇಷ್ಮೆ ಬಟ್ಟೆಯ ಒಂದು ತುಂಡು ತೆಗೆದುಕೊಂಡು ಎಳೆ ಬಿಚ್ಚಿ ನೋಡಿ. ಉದ್ದಕ್ಕೆ ಹೋದ ಹಾಸು ಒಂದೇ ಸಮ ಇರುತ್ತದೆ, ಗಂಟಿರುವುದಿಲ್ಲ, ಎಳೆದರೆ ತಡೆದುಕೊಳ್ಳುತ್ತದೆ. ಅಡ್ಡಕ್ಕೆ ಹೋದ ಹೊಕ್ಕು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆದರೆ ಬಟ್ಟೆಗೆ ಮೈ ತುಂಬಿಕೊಡುವುದು ಅದೇ. ಅನೇಕ ಮಗ್ಗಗಳಲ್ಲಿ ಆ ಹಾಸು ಚೀನಾದಿಂದ ಬಂದ ನೂಲು, ಹೊಕ್ಕು ರಾಮನಗರದ್ದು ಇಲ್ಲವೇ ಶಿಡ್ಲಘಟ್ಟದ್ದು.

ಹೀಗೇಕೆ ಎನ್ನುವುದು ಮಗ್ಗದ ಮುಂದೆ ನಿಂತರೆ ಗೊತ್ತಾಗುತ್ತದೆ. ಹಾಸಿನ ಸಾವಿರಾರು ಎಳೆಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ, ಪ್ರತಿ ಹೊಡೆತಕ್ಕೂ ಅಚ್ಚಿನ ಹಲ್ಲುಗಳಿಗೆ ಉಜ್ಜುತ್ತವೆ. ಒಂದು ಎಳೆ ಹರಿದರೂ ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ, ಅಚ್ಚಿನೊಳಗೆ ತೂರಿಸಿ ಮತ್ತೆ ಓಡಿಸಬೇಕು. ಸೀರೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಮಗ್ಗ ನಿಂತ ಹೊತ್ತೆಲ್ಲ ನಷ್ಟ. ಹೊಕ್ಕಿಗೆ ಅಷ್ಟು ಬಿಗಿ ಬೀಳುವುದಿಲ್ಲ, ಹಾಗಾಗಿ ಏರುಪೇರಿನ ನೂಲೂ ನಡೆಯುತ್ತದೆ.

ಏರುಪೇರು ಹುಟ್ಟುವುದು ನೂಲು ಬಿಚ್ಚುವ ಬಾಣಲೆಯಲ್ಲಿ. 9,000 ಮೀಟರ್ ನೂಲು 20ರಿಂದ 22 ಗ್ರಾಂ ತೂಗಿದರೆ ಅದನ್ನು 20/22 ಡೆನಿಯರ್ ಎನ್ನುತ್ತಾರೆ. ಅಷ್ಟು ದಪ್ಪ ಬರಲು ಸುಮಾರು ಎಂಟು ರೇಷ್ಮೆಗೂಡುಗಳ ಎಳೆ ಒಟ್ಟಿಗೆ ಸೇರಬೇಕು. ಬಿಸಿನೀರಿನಲ್ಲಿ ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆ ಎಸೆದು ಸೇರಿಸಬೇಕು. ಚರಕದಲ್ಲಿ ಈ ಕೆಲಸ ಕಣ್ಣಂದಾಜಿನದು: ಅರೆಕ್ಷಣ ತಡವಾದರೆ ನೂಲು ತೆಳುವಾಯಿತು, ಎರಡು ಒಟ್ಟಿಗೆ ಸೇರಿದರೆ ದಪ್ಪವಾಯಿತು. ಸ್ವಯಂಚಾಲಿತ ಯಂತ್ರ ದಪ್ಪವನ್ನು ತಾನೇ ಅಳೆದು ಗೂಡು ಸೇರಿಸುತ್ತದೆ. ಆದರೆ ಆ ಯಂತ್ರಕ್ಕೆ ದಿನವೂ ಒಂದೇ ಬಗೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳುವಿನ) ಗೂಡು ರಾಶಿ ರಾಶಿ ಬೇಕು. ನಮ್ಮ ಮಾರುಕಟ್ಟೆಗೆ ಬರುವುದು ನೂರಾರು ಸಣ್ಣ ರೈತರ ನೂರಾರು ಲಾಟು, ಹೆಚ್ಚಿನವು ಮಿಶ್ರತಳಿ, ಅಂದರೆ ದ್ವಿತಳಿಯನ್ನು ನಾಡತಳಿಯ ಜೊತೆ ಕೂಡಿಸಿ ಪಡೆದವು. ಒಂದು ಕಿಲೊ ನೂಲಿಗೆ ದ್ವಿತಳಿ ಗೂಡು 6ರಿಂದ 7 ಕಿಲೊ ಸಾಕು. ಮಿಶ್ರತಳಿಯಾದರೆ 8 ಕಿಲೊ ಆಸುಪಾಸು ಬೇಕು.

ಈ ನೂಲಿನ ಮೇಲೆ ಕೇಂದ್ರ ಸರ್ಕಾರ 2021ರ ಫೆಬ್ರುವರಿ ಬಜೆಟ್ಟಿನಲ್ಲಿ ಆಮದು ಸುಂಕವನ್ನು ಶೇ 10ರಿಂದ 15ಕ್ಕೆ ಏರಿಸಿತು. ಅದೇ ಬಜೆಟ್ಟಿನಲ್ಲಿ ಅದುವರೆಗೆ ಸುಂಕವೇ ಇಲ್ಲದಿದ್ದ ಹತ್ತಿಗೂ ಸುಂಕ ಬಿತ್ತು, ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 11. ನಾಲ್ಕೂವರೆ ವರ್ಷದ ನಂತರ, 2025ರ ಆಗಸ್ಟ್‌ನಲ್ಲಿ, ಅಮೆರಿಕ ಭಾರತದ ಸರಕಿನ ಮೇಲೆ ಮೊದಲು ಶೇ 25, ಆಮೇಲೆ ರಷ್ಯಾದ ತೈಲ ಕೊಳ್ಳುತ್ತೇವೆಂಬ ಕಾರಣ ಕೊಟ್ಟು ಇನ್ನೂ 25, ಒಟ್ಟು ಶೇ 50 ಹೆಚ್ಚುವರಿ ಸುಂಕ ಹಾಕಿತು. ಆಗ ದೆಹಲಿ ತಕ್ಷಣ ಮಾಡಿದ ಕೆಲಸಗಳಲ್ಲಿ ಒಂದು, ಹತ್ತಿಯ ಮೇಲಿನ ನಮ್ಮದೇ ಸುಂಕವನ್ನು ತೆಗೆದದ್ದು: ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ಎಂದದ್ದು ಮುಂದೆ ಡಿಸೆಂಬರ್ 31ರವರೆಗೆ ವಿಸ್ತರಣೆಯಾಯಿತು. ಕಚ್ಚಾ ಮಾಲಿನ ಮೇಲೆ ನಾವು ಹಾಕಿದ ಸುಂಕವನ್ನು ಕಟ್ಟುತ್ತಿದ್ದವರು ನಮ್ಮದೇ ಗಾರ್ಮೆಂಟ್ಸ್‌ನವರು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ರೇಷ್ಮೆ ನೂಲಿಗೆ ಅಂಥ ರಜೆ ಸಿಗಲಿಲ್ಲ. ಇದು ಸಣ್ಣ ವಿಷಯ ಅಲ್ಲ ಎಂದು ತೋರಿಸಲು ಸ್ವಲ್ಪ ಲೆಕ್ಕ ಬೇಕು.

ಎರಡರಲ್ಲೂ ಹಿಂದಿದ್ದರೂ ಗಿಟ್ಟುವುದು ಹೇಗೆ

ತುಲನಾತ್ಮಕ ಅನುಕೂಲ ಎಂಬ ಮಾತನ್ನು ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ವೈನ್ ಇಟ್ಟುಕೊಂಡು ವಿವರಿಸಿದ. ಅವನ ಉದಾಹರಣೆಯಲ್ಲಿ ಎರಡನ್ನೂ ಕಡಿಮೆ ಆಳಿನಲ್ಲಿ ಮಾಡುವ ದೇಶ ಪೋರ್ಚುಗಲ್. ಆದರೂ ವ್ಯಾಪಾರದಿಂದ ಇಬ್ಬರಿಗೂ ಲಾಭ. ಇದನ್ನು ರೇಷ್ಮೆಗೆ ಇಳಿಸೋಣ. ಅಂಕಿಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು.

ಚೀನಾದಲ್ಲಿ ಒಂದು ಕಿಲೊ ನೂಲಿಗೆ 10 ಆಳು-ದಿನ, ಒಂದು ಸೀರೆ ನೇಯಲು 8 ಆಳು-ದಿನ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ನೂಲಿಗೆ 15, ಸೀರೆಗೆ 9. ಎರಡರಲ್ಲೂ ಅವರೇ ಮುಂದು. ಈಗ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಒಂದು ಸೀರೆ ಹೆಚ್ಚು ನೇಯಲು ಎಷ್ಟು ನೂಲು ಕೈಬಿಡಬೇಕು? ಚೀನಾದಲ್ಲಿ 8 ದಿನವನ್ನು ನೂಲಿನಿಂದ ಕಿತ್ತು ನೇಯ್ಗೆಗೆ ಹಾಕಿದರೆ 0.8 ಕಿಲೊ ನೂಲು ಹೋಯಿತು. ನಮ್ಮಲ್ಲಿ 9 ದಿನ ಕಿತ್ತರೆ 0.6 ಕಿಲೊ ಮಾತ್ರ. ಅಂದರೆ ಸೀರೆ ನಮಗೆ ಅಗ್ಗ, ನೂಲು ಅವರಿಗೆ ಅಗ್ಗ. ಒಂದು ಸೀರೆಗೆ 0.7 ಕಿಲೊ ನೂಲಿನ ದರದಲ್ಲಿ ಕೊಟ್ಟು ತೆಗೆದುಕೊಂಡರೆ ಸೀರೆಯೊಂದಕ್ಕೆ ನಮಗೂ ನೂರು ಗ್ರಾಂ ಉಳಿಯಿತು, ಅವರಿಗೂ ನೂರು ಗ್ರಾಂ ಉಳಿಯಿತು. ನಮ್ಮವರು ಹೊಸ ಯಂತ್ರ ತರಲಿಲ್ಲ, ಅವರ ಕೂಲಿ ಇಳಿಯಲಿಲ್ಲ. ಬದಲಾದದ್ದು ಆಳು ಎಲ್ಲಿ ಕೂತು ಕೆಲಸ ಮಾಡುತ್ತಾನೆ ಎನ್ನುವುದಷ್ಟೆ.

ಜನ ಎಡವುವುದು ‘ಅವರು ನಮಗಿಂತ ಎಲ್ಲದರಲ್ಲೂ ಅಗ್ಗ, ಬಾಗಿಲು ತೆರೆದರೆ ನಮಗೆ ಏನೂ ಉಳಿಯುವುದಿಲ್ಲ’ ಎನ್ನುವ ಭಯದಲ್ಲಿ. ಎಲ್ಲದರಲ್ಲೂ ತುಲನಾತ್ಮಕವಾಗಿ ಮುಂದಿರುವುದು ಲೆಕ್ಕದಲ್ಲೇ ಸಾಧ್ಯವಿಲ್ಲ. ಸೀರೆಗೆ 0.8 ಕಿಲೊ ಕೈಬಿಡುವವನು ನೂಲಿನಲ್ಲಿ ಮುಂದಿದ್ದರೆ, 0.6 ಕೈಬಿಡುವವನು ಸೀರೆಯಲ್ಲಿ ಮುಂದಿರಲೇಬೇಕು.

ಈ ಅನುಕೂಲ ಯಾರ ಹಣೆಯಲ್ಲೂ ಬರೆದದ್ದಲ್ಲ. 1930ರ ದಶಕದ ಹೊತ್ತಿಗೆ ಜಗತ್ತಿಗೆ ಕಚ್ಚಾ ರೇಷ್ಮೆ ಮಾರುತ್ತಿದ್ದ ದೊಡ್ಡ ದೇಶ ಜಪಾನ್; ಇಂದು ಅಲ್ಲಿ ರೇಷ್ಮೆ ಕೃಷಿ ಹೆಸರಿಗಷ್ಟೇ ಇದೆ. ಚೀನಾದೊಳಗೂ ಕರಾವಳಿಯ ಝೆಜಿಯಾಂಗ್, ಜಿಯಾಂಗ್ಸು ಪ್ರಾಂತಗಳಲ್ಲಿ ಕೂಲಿ ಏರಿದಂತೆ ಹುಳು ಸಾಕಣೆ ದಕ್ಷಿಣದ ಗುವಾಂಗ್ಷಿಗೆ ಸರಿದುಹೋಯಿತು. ನಮ್ಮಲ್ಲೂ ಅದೇ ನಡೆಯುತ್ತಿದೆ, ಬೇರೆ ರೂಪದಲ್ಲಿ. ದೇವನಹಳ್ಳಿ, ಅದೇ ತಾಲ್ಲೂಕಿನ ವಿಜಯಪುರ, ರಾಮನಗರದ ಕಡೆ ಒಂದು ಎಕರೆ ಹಿಪ್ಪುನೇರಳೆ ಈಗ ಚೀನಾದ ನೂಲಿನ ಜೊತೆ ಮಾತ್ರ ಪೈಪೋಟಿ ಮಾಡುತ್ತಿಲ್ಲ, ಲೇಔಟಿನ ಜೊತೆಗೂ ಮಾಡುತ್ತಿದೆ. ಆ ನೆಲದಲ್ಲಿ ಸೊಪ್ಪು ಬೆಳೆಯಲು ಕೈಬಿಡಬೇಕಾದದ್ದು ರಾಗಿ ಅಲ್ಲ, ಸೈಟು. ಸುಂಕ ಶೇ 15 ಇರಲಿ, 30 ಇರಲಿ, ವಿಮಾನ ನಿಲ್ದಾಣದ ರಸ್ತೆಯ ನೆಲದ ಬೆಲೆಯನ್ನು ಅದು ಇಳಿಸುವುದಿಲ್ಲ. ತೋಟಗಳು ಚಿತ್ರದುರ್ಗ, ತುಮಕೂರಿನ ಕಡೆ ಸರಿದರೆ ಅಚ್ಚರಿಯಿಲ್ಲ.

100 ಕಿಲೊ ನೂಲಿನ ಲೆಕ್ಕ

ಸುಂಕ ಯಾರಿಂದ ಕಿತ್ತು ಯಾರಿಗೆ ಕೊಡುತ್ತದೆ? ಹೊರಗಿನ ನೂಲು ಕಿಲೊಗೆ 5,000 ರೂಪಾಯಿಗೆ ಸಿಗುತ್ತದೆ ಎಂದುಕೊಳ್ಳಿ. ಆ ಬೆಲೆಗೆ ಒಂದು ಊರಿನ ಮಗ್ಗಗಳು 100 ಕಿಲೊ ಕೊಳ್ಳುತ್ತವೆ. 60 ಕಿಲೊ ಸ್ಥಳೀಯ, 40 ಆಮದು. ಶೇ 15 ಸುಂಕ ಬಿದ್ದರೆ ಬೆಲೆ 5,750. ಬೆಲೆ ಏರಿದ್ದಕ್ಕೆ ಮಗ್ಗದವರು ಕೊಳ್ಳುವುದನ್ನು 94ಕ್ಕೆ ಇಳಿಸಿದರು, ನೂಲು ಬಿಚ್ಚುವ ರೀಲರ್‌ಗಳು ಉತ್ಪಾದನೆಯನ್ನು 68ಕ್ಕೆ ಏರಿಸಿದರು, ಆಮದು 26ಕ್ಕೆ ಇಳಿಯಿತು.

ಮಗ್ಗದವರ ನಷ್ಟ: ಕೊಂಡ 94 ಕಿಲೊಗೆ ತಲಾ 750 ಹೆಚ್ಚು, ಅಂದರೆ 70,500, ಕೊಳ್ಳದೆ ಬಿಟ್ಟ 6 ಕಿಲೊದ ಬಾಬ್ತು ಸರಾಸರಿ 375ರಂತೆ 2,250. ಒಟ್ಟು 72,750. ನೂಲು ಬಿಚ್ಚುವವರಿಗೂ ರೈತರಿಗೂ ಸಿಕ್ಕಿದ್ದು: ಮೊದಲೇ ಮಾಡುತ್ತಿದ್ದ 60 ಕಿಲೊಗೆ 45,000, ಹೆಚ್ಚು ಮಾಡಿದ 8 ಕಿಲೊಗೆ ಖರ್ಚು ಕಳೆದು 3,000. ಒಟ್ಟು 48,000. ಖಜಾನೆಗೆ 26 ಕಿಲೊ ಆಮದಿನಿಂದ 19,500. ಕೂಡಿಸಿದರೆ 67,500. ಉಳಿದ 5,250 ರೂಪಾಯಿ ಯಾರ ಕೈಗೂ ಸೇರಲಿಲ್ಲ. ಅದರಲ್ಲಿ 3,000, ಹೊರಗೆ 5,000ಕ್ಕೆ ಸಿಗುವ ನೂಲನ್ನು ಅದಕ್ಕಿಂತ ಹೆಚ್ಚು ಖರ್ಚು ಮಾಡಿ ಇಲ್ಲಿ ತಯಾರಿಸಿದ್ದರ ದಂಡ. 2,250, ನೇಯಬಹುದಾಗಿದ್ದು ನೇಯದೆ ಉಳಿದ ಬಟ್ಟೆಯ ದಂಡ.

ಒಂದು ಮಾತು ಗಮನಿಸಿ. ಅಷ್ಟೂ ದುಡ್ಡು ಹೊರಟದ್ದು ಮಗ್ಗದ ಮನೆಯಿಂದ. ಚೀನಾದ ಮಾರಾಟ ಕಡಿಮೆಯಾಯಿತು ನಿಜ, ಆದರೆ ನಾವು ಕೊಳ್ಳುವ ನೂಲು ಜಗತ್ತಿನ ಬೆಲೆಯನ್ನೇ ಅಲುಗಿಸುವಷ್ಟು ದೊಡ್ಡದಲ್ಲದಿದ್ದರೆ ಸುಂಕದ ಒಂದು ಪೈಸೆಯನ್ನೂ ಅವರು ಹೊರುವುದಿಲ್ಲ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮಗ್ಗದವರಿಗೆ ಪೆಟ್ಟು ಎಷ್ಟು ಎಂಬುದು ನೂಲಿನ ಸುಂಕವೊಂದರಿಂದಲೇ ತಿಳಿಯುವುದಿಲ್ಲ. ಬಟ್ಟೆಯ ಮೇಲಿನ ಸುಂಕವನ್ನೂ ಜೊತೆಗಿಟ್ಟು ನೋಡಬೇಕು. ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಇದಕ್ಕೆ ಪರಿಣಾಮಕಾರಿ ರಕ್ಷಣೆಯ ದರ ಎಂಬ ಲೆಕ್ಕ ಕಟ್ಟಿದರು. 100 ರೂಪಾಯಿಯ ಬಟ್ಟೆಯಲ್ಲಿ 60 ನೂಲು, 40 ನೇಯ್ಗೆಯ ಪಾಲು ಎಂದುಕೊಳ್ಳಿ. ನೂಲಿಗೆ ಶೇ 15 ಬಿದ್ದರೆ ಅದು 69 ಆಯಿತು. ಹೊರಗಿನ ಬಟ್ಟೆಗೆ ಸುಂಕವೇ ಇಲ್ಲದಿದ್ದರೆ ಬಟ್ಟೆ 100ರಲ್ಲೇ ನಿಲ್ಲುತ್ತದೆ, ನೇಯ್ಗೆಯ ಪಾಲು 31ಕ್ಕೆ ಇಳಿಯುತ್ತದೆ: ಶೇ 22.5 ಕಡಿತ. ಬಟ್ಟೆಗೆ ಶೇ 20 ಇದ್ದರೆ 120ರಲ್ಲಿ 69 ಕಳೆದು 51, ಅಂದರೆ ಶೇ 27.5 ಹೆಚ್ಚಳ. ಈ ಉದಾಹರಣೆಯಲ್ಲಿ ಬಟ್ಟೆಯ ಸುಂಕ ಶೇ 9ಕ್ಕಿಂತ ಕೆಳಗಿಳಿದರೆ ನೇಕಾರರಿಗೆ ನಷ್ಟ, ಮೇಲಿದ್ದರೆ ರಕ್ಷಣೆ. ಕಾಗದದ ಮೇಲೆ ಎರಡಕ್ಕೂ ಸುಂಕ ಇದೆ ಎಂದ ಮಾತ್ರಕ್ಕೆ ಇಬ್ಬರಿಗೂ ರಕ್ಷಣೆ ಸಿಕ್ಕಿತು ಎನ್ನಲಾಗದು.

ರಫ್ತಿಗೆ ನೇಯುವವರಿಗೆ ಈ ಸಮತೋಲನವೂ ಇಲ್ಲ. ಹೊರದೇಶದ ಖರೀದಿದಾರ ಕೊಡುವುದು 100 ಮಾತ್ರ. ಸುಂಕ ವಾಪಸು ಪಡೆಯಲು ಡ್ರಾಬ್ಯಾಕ್ ಇದೆ, ಸುಂಕವಿಲ್ಲದೆ ತಂದು ನಿಗದಿತ ಅವಧಿಯೊಳಗೆ ರಫ್ತು ಮಾಡುತ್ತೇನೆಂದು ಬರೆದುಕೊಡುವ ಅಡ್ವಾನ್ಸ್ ಆಥರೈಸೇಷನ್ ಇದೆ. ಇವು ಕಂಟೇನರ್ ಲೆಕ್ಕದಲ್ಲಿ ತರಿಸುವವರಿಗೆ ಹೊಂದುತ್ತವೆ. ವ್ಯಾಪಾರಿಯ ಗದ್ದಿಗೆಯಿಂದ ಐದು ಕಿಲೊ, ಹತ್ತು ಕಿಲೊ ಸಾಲಕ್ಕೆ ತರುವ ಎರಡು ಮಗ್ಗದ ಮನೆಯ ಬಳಿ ಆಮದಿನ ದಾಖಲೆಯಾದ ಬಿಲ್ ಆಫ್ ಎಂಟ್ರಿಯೇ ಇರುವುದಿಲ್ಲ. ಯೋಜನೆ ಇದ್ದೂ ಅವರ ಪಾಲಿಗೆ ಇಲ್ಲ.

ಸುಂಕದಷ್ಟೇ ಗಟ್ಟಿಯಾದ ಇನ್ನೊಂದು ಬೇಲಿ ಗುಣಮಟ್ಟ ನಿಯಂತ್ರಣ ಆದೇಶ. ವಿಸ್ಕೋಸ್, ಪಾಲಿಯೆಸ್ಟರ್ ನಾರಿಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯವಾಯಿತು. ಹೊರದೇಶದ ಕಾರ್ಖಾನೆಗೆ ತಪಾಸಣೆಯಾಗಿ ಲೈಸೆನ್ಸ್ ಸಿಗುವ ತನಕ ಮಾಲು ಒಳಗೆ ಬರುವ ಹಾಗಿರಲಿಲ್ಲ. ಮೇಲಿನ ಲೆಕ್ಕದಲ್ಲಿ ಖಜಾನೆಗೆ ಹೋದ 19,500 ಇಂಥ ಬೇಲಿಯಲ್ಲಿ ಖಜಾನೆಗೂ ಹೋಗುವುದಿಲ್ಲ. ಲೈಸೆನ್ಸ್ ಇರುವ ಕೆಲವರ ಲಾಭಕ್ಕೆ ಸೇರುತ್ತದೆ. 2025ರ ನವೆಂಬರಿನಲ್ಲಿ ಸರ್ಕಾರ ಈ ಆದೇಶಗಳನ್ನು ಹಿಂದಕ್ಕೆ ಪಡೆದದ್ದು ಒಳ್ಳೆಯದೇ ಆಯಿತು.

ಪೀಣ್ಯ, ಬೊಮ್ಮನಹಳ್ಳಿಯಲ್ಲಿ ಅದೇ ಲೆಕ್ಕ, ತಿರುಗಿ

ಅಮೆರಿಕದ ಸುಂಕ ಹೊಡೆದದ್ದು ಬೆಂಗಳೂರಿನ ಇನ್ನೊಂದು ಕಸುಬನ್ನು, ಗಾರ್ಮೆಂಟ್ಸನ್ನು. ಹತ್ತಿಯ ಟಿ-ಶರ್ಟಿಗೆ ಅಮೆರಿಕದ ಸಾಮಾನ್ಯ ಸುಂಕವೇ ಶೇ 16.5. ಅದರ ಮೇಲೆ 2025ರ ಆಗಸ್ಟ್ 27ರಿಂದ ಭಾರತಕ್ಕೆ 50 ಸೇರಿ 66.5 ಆಯಿತು. ಬಾಂಗ್ಲಾದೇಶ, ವಿಯೆಟ್ನಾಮಿಗೆ ಹೆಚ್ಚುವರಿ 20, ಅಂದರೆ 36.5. ಕೊಂದದ್ದು 66.5 ಎಂಬ ಅಂಕಿ ಅಲ್ಲ, ನಡುವಿನ 30ರ ಅಂತರ. ಎಲ್ಲರಿಗೂ ಸಮಾನವಾಗಿ 50 ಬಿದ್ದಿದ್ದರೆ ಅಮೆರಿಕದಲ್ಲಿ ಅಂಗಿ ದುಬಾರಿಯಾಗಿ ಮಾರಾಟ ಸ್ವಲ್ಪ ಇಳಿಯುತ್ತಿತ್ತು, ಆರ್ಡರ್ ಮಾತ್ರ ದೇಶ ಬದಲಿಸುತ್ತಿರಲಿಲ್ಲ.

ಆಗ ಬಂದರಿನಲ್ಲಿ 400 ರೂಪಾಯಿ ಬೆಲೆಯ ಟಿ-ಶರ್ಟು ಢಾಕಾದಿಂದ ಹೋದರೆ ಸುಂಕ ಸೇರಿ 546 ಆಗುತ್ತಿತ್ತು. ಬೆಂಗಳೂರಿನದು 666. ಸರಿಗಟ್ಟಬೇಕಾದರೆ ನಮ್ಮ ಕಾರ್ಖಾನೆ ಅದನ್ನು 328 ರೂಪಾಯಿಗೆ ಕೊಡಬೇಕಿತ್ತು, 72 ರೂಪಾಯಿ ಬಿಟ್ಟು. ಬಟ್ಟೆ, ದಾರ, ಗುಂಡಿ, ಲೇಬಲ್, ಪ್ಯಾಕಿಂಗ್ ಖರ್ಚು ಇಳಿಯುವಂಥದ್ದಲ್ಲ. ಉಳಿಯುವುದು ಕೂಲಿ ಮತ್ತು ಲಾಭ; ಲಾಭದ ಪದರ ಈ ಕಸುಬಿನಲ್ಲಿ ಮೊದಲೇ ತೆಳು. ಹಾಗಾಗಿ ಕಾರ್ಖಾನೆಗಳು ಮೊದಲು ಓವರ್‌ಟೈಮ್ ನಿಲ್ಲಿಸುತ್ತವೆ, ಆಮೇಲೆ ಒಂದು ಲೈನ್ ಮುಚ್ಚುತ್ತವೆ. ಆ ಲೈನಿನಲ್ಲಿ ಕೂತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು, ಮನೆ ಬಾಡಿಗೆಯನ್ನೂ ಮಕ್ಕಳ ಫೀಸನ್ನೂ ಈ ಸಂಬಳದಲ್ಲೇ ತೂಗಿಸುವವರು.

ಹತ್ತಿಯ ಸುಂಕ ತೆಗೆದದ್ದರಿಂದ ಉಳಿದದ್ದೆಷ್ಟು? ಒಂದು ಟಿ-ಶರ್ಟಿಗೆ ವೇಸ್ಟೂ ಸೇರಿ 225 ಗ್ರಾಂ ಹತ್ತಿ, ಕಿಲೊಗೆ 160 ರೂಪಾಯಿ ಎಂದುಕೊಂಡರೆ 36 ರೂಪಾಯಿಯ ಹತ್ತಿ. ಅದರ ಶೇ 11, ಹೆಚ್ಚುಕಡಿಮೆ 4 ರೂಪಾಯಿ. 72ರ ಮುಂದೆ 4 ಏನೇನೂ ಅಲ್ಲ. ಆದರೆ ಆ ನಾಲ್ಕನ್ನು ಯಾವ ಹೊರದೇಶವೂ ನಮ್ಮ ಮೇಲೆ ಹಾಕಿರಲಿಲ್ಲ. ಢಾಕಾದ ಕಾರ್ಖಾನೆಯ ಜೊತೆ ಪೈಸೆ ಪೈಸೆಗೆ ಚೌಕಾಸಿ ಮಾಡುವಾಗ ನಮ್ಮವರ ಬೆನ್ನಿಗೆ ನಾವೇ ಹೇರಿದ್ದ ಹೊರೆ ಅದು, 2022ರ ಕೆಲವು ತಿಂಗಳ ವಿನಾಯಿತಿ ಬಿಟ್ಟರೆ ನಾಲ್ಕೂವರೆ ವರ್ಷ.

ಪಾಠದ ಪುಸ್ತಕದ ವ್ಯಾಪಾರ ಸಿದ್ಧಾಂತ ಸೋಲುವ ಜಾಗವೂ ಇದೇ. ಒಂದು ಕಸುಬು ಕುಗ್ಗಿದರೆ ಆಳುಗಳು ಇನ್ನೊಂದಕ್ಕೆ ಹೋಗುತ್ತಾರೆ ಎಂದು ಅದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಬೊಮ್ಮನಹಳ್ಳಿಯ ಟೈಲರ್ ಪಕ್ಕದ ರಸ್ತೆಯ ಸಾಫ್ಟ್‌ವೇರ್ ಕಂಪನಿಗೆ ಮರುದಿನ ಹೋಗಿ ಕೂರಲಾಗದು. ಸಾಫ್ಟ್‌ವೇರ್ ಸೇವೆ ಕಸ್ಟಮ್ಸ್ ಗೇಟು ದಾಟುವುದಿಲ್ಲ, ಹಾಗಾಗಿ ಆ ಶೇ 50 ಅದಕ್ಕೆ ತಗಲಲಿಲ್ಲ. ಅದರ ಬೇಲಿ ವೀಸಾ, 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಹಾಕಿದ ಒಂದು ಲಕ್ಷ ಡಾಲರ್ ಶುಲ್ಕ. ಆಗ ಜನ ಹೋಗುವ ಬದಲು ಕೆಲಸವೇ ಬೆಂಗಳೂರಿಗೆ ಬರಬಹುದು. ಹೊಲಿಗೆಗೆ ಅಂಥ ಬದಲಿ ದಾರಿ ಇಲ್ಲ.

ಹಾಗಾದರೆ ರೇಷ್ಮೆ ರೈತರ ಗತಿ?

ಸುಂಕ ಕೇಳುವ ರೈತರ ಕೂಗು ಸುಳ್ಳಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಒಮ್ಮೆಲೇ 5ಕ್ಕೆ ಇಳಿಸಿದಾಗ ಗೂಡಿನ ಧಾರಣೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದು 15 ಆಯಿತು, ನಡುವೆ 10ಕ್ಕೆ ಇಳಿದು, 2021ರಲ್ಲಿ ಮತ್ತೆ 15. ಹಿಪ್ಪುನೇರಳೆ ಒಮ್ಮೆ ನಾಟಿದರೆ ಹತ್ತು ಹದಿನೈದು ವರ್ಷ ನಿಲ್ಲುವ ಗಿಡ. ಹತ್ತು ವರ್ಷದಲ್ಲಿ ನಾಲ್ಕು ಸಲ ದರ ಬದಲಾದರೆ ತೋಟ ಹಾಕುವವರು, ಹುಳುಮನೆ ಕಟ್ಟುವವರು, ಯಂತ್ರಕ್ಕೆ ಸಾಲ ಮಾಡುವವರು ಯಾವ ಬೆಲೆ ನಂಬಬೇಕು? ಗೂಡು ಹೆಚ್ಚು ದಿನ ಇಡುವ ಮಾಲೂ ಅಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಕೊರೆದು ಹೊರಬಂದರೆ ನೂಲು ಹಾಳು. ಮಾರುಕಟ್ಟೆಯಲ್ಲಿ ಅಂದು ಕೂಗಿದ ಬೆಲೆಗೆ ಕೊಡಲೇಬೇಕು. ಬೆಲೆ ಥಟ್ಟನೆ ಬಿದ್ದಾಗ ಅಲ್ಪಾವಧಿಯ ಸುಂಕ ನ್ಯಾಯವೇ, ಯಾವ ಧಾರಣೆಗೆ ಬೀಳುತ್ತದೆ, ಯಾವತ್ತು ಏಳುತ್ತದೆ ಎಂದು ಮೊದಲೇ ಬರೆದಿಟ್ಟಿದ್ದರೆ.

ವರ್ಷಗಟ್ಟಲೆ ನೆರವಾಗಬೇಕಾದರೆ ದಾರಿ ಬೇರೆ. ಅದೇ 100 ಕಿಲೊ ಲೆಕ್ಕಕ್ಕೆ ಹೋಗೋಣ. ಸುಂಕದ ಬದಲು ಸ್ಥಳೀಯ ನೂಲಿಗೆ ಕಿಲೊಗೆ 750 ರೂಪಾಯಿ ಪ್ರೋತ್ಸಾಹಧನ ಕೊಟ್ಟರೆ ಉತ್ಪಾದನೆ ಅದೇ 68 ಕಿಲೊ, ಸರ್ಕಾರಕ್ಕೆ ಖರ್ಚು 51,000, ರೈತರಿಗೂ ರೀಲರ್‌ಗಳಿಗೂ ಸೇರುವುದು ಅದೇ 48,000. ಯಾರಿಗೂ ಸೇರದೆ ಹೋಗುವುದು 3,000 ಮಾತ್ರ. ಮಗ್ಗಗಳು 5,000ಕ್ಕೇ ನೂಲು ಕೊಂಡು ಪೂರ್ತಿ 100 ಕಿಲೊ ನೇಯುತ್ತವೆ. ತೊಡಕು ಒಂದೇ: 19,500ರ ಆದಾಯ ಬಿಟ್ಟು 51,000 ಕೈಯಿಂದ ಹಾಕಬೇಕು, ಅದು ಪ್ರತಿ ವರ್ಷ ಬಜೆಟ್ ಪುಸ್ತಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸುಂಕದಲ್ಲಿ ಮಗ್ಗದವರು ತೆರುವ 72,750 ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಸರ್ಕಾರಗಳಿಗೆ ಸುಂಕ ಸುಲಭವಾಗಿರುವುದು ಇದೇ ಕಾರಣಕ್ಕೆ.

ಆ ಪ್ರೋತ್ಸಾಹಧನವನ್ನು ಎಲ್ಲ ನೂಲಿಗೂ ಹಂಚುವ ಬದಲು ದ್ವಿತಳಿ ಗೂಡಿಗೆ, ಒಂದೇ ತಳಿಯ ದೊಡ್ಡ ಲಾಟಿಗೆ, ಸ್ವಯಂಚಾಲಿತ ಯಂತ್ರದ ನೂಲಿಗೆ ಕಟ್ಟಿಹಾಕಿದರೆ ಇನ್ನೂ ಒಳ್ಳೆಯದು. ಕಿಲೊ ನೂಲಿಗೆ ಬೇಕಾಗುವ ಗೂಡು 8ರಿಂದ 6.5 ಕಿಲೊಗೆ ಇಳಿದರೆ ಒಂದೂವರೆ ಕಿಲೊ ಗೂಡು ಉಳಿಯುತ್ತದೆ. ಗೂಡಿನ ಧಾರಣೆ ಕಿಲೊಗೆ 500 ಇದ್ದ ದಿನ ಅದು 750 ರೂಪಾಯಿ, ಶೇ 15 ಸುಂಕ ಕೊಡುವಷ್ಟೇ. ದ್ವಿತಳಿ ಗೂಡು ಹೆಚ್ಚು ಬೆಲೆಗೆ ಹೋಗುತ್ತದೆ, ಹಾಗಾಗಿ ಅಷ್ಟೂ ರೀಲರ್ ಕೈಯಲ್ಲಿ ಉಳಿಯುವುದಿಲ್ಲ. ಒಂದು ಪಾಲು ರೈತರಿಗೇ ಹೋಗುತ್ತದೆ, ಹೋಗಲಿ. ಮಗ್ಗದವರಿಂದ ಕಿತ್ತದ್ದಲ್ಲವಲ್ಲ. ಆ ನೂಲು ಹಾಸಿಗೂ ಆಗುತ್ತದೆ. ಹಾಗೆಂದು ದ್ವಿತಳಿ ಸಲೀಸೂ ಅಲ್ಲ. ಬೇಸಿಗೆಯಲ್ಲಿ ಹುಳುಮನೆ ತಂಪಾಗಿರದಿದ್ದರೆ, ಚಾಕಿ (ಮರಿಹುಳು) ಹಂತದಲ್ಲಿ ಸೊಪ್ಪು ಎಳೆಯದಾಗಿರದಿದ್ದರೆ, ಸೋಂಕು ನಿವಾರಣೆ ಸರಿಯಾಗಿ ಆಗದಿದ್ದರೆ ಸಪ್ಪೆ ರೋಗಕ್ಕೆ ಇಡೀ ಬೆಳೆ ಹೋಗುತ್ತದೆ. ದುಡ್ಡು ಹೋಗಬೇಕಾದದ್ದು ಅಲ್ಲಿಗೆ: ಚಾಕಿ ಕೇಂದ್ರಗಳಿಗೆ, ಹುಳುಮನೆಯ ಸೂರಿಗೆ, ಬೆಳೆ ವಿಮೆಗೆ.

ಬಜೆಟ್ ದಿನ ಸುಂಕದ ಪಟ್ಟಿ ಬಂದಾಗ ಕಸ್ಟಮ್ಸ್ ಸಂಖ್ಯೆಯ ಮೂರು ಸಾಲು ಒಟ್ಟಿಗೆ ನೋಡಬೇಕು: 5002 ಕಚ್ಚಾ ರೇಷ್ಮೆ, 5004 ರೇಷ್ಮೆ ನೂಲು, 5007 ರೇಷ್ಮೆ ಬಟ್ಟೆ. 5002 ಏರಿ 5007 ಅಲ್ಲೇ ನಿಂತರೆ ಹುಳುಮನೆಗೆ ಕೊಟ್ಟದ್ದು ಮಗ್ಗದಿಂದ ತೆಗೆದದ್ದು. 5002 ಏರಿ 5004 ಕೆಳಗುಳಿದರೆ ಆಮದು ನಿಲ್ಲುವುದಿಲ್ಲ, ಕಚ್ಚಾ ನೂಲಿನ ಬದಲು ಹುರಿ ಮಾಡಿದ ನೂಲಾಗಿ ಒಳಗೆ ಬರುತ್ತದೆ. ಆಗ ರೈತರಿಗೂ ಸಿಗುವುದಿಲ್ಲ, ಇಲ್ಲಿ ಹುರಿ ಮಾಡುವವರಿಗೂ ಕೆಲಸ ಹೋಗುತ್ತದೆ.